ಎರಡನೆಯ ಪೆಟ್ಟಿಗೆ

ಮಾರ್ಚ್ 9, 1982

ಅಪ್ಪನವರಿಗೆ,

ಮೂರೂವರೆ ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಜೈಲಿನಲ್ಲಿ ಬರೆಯಲು ಬಿಡುವುದಿಲ್ಲ ಎಂದೇನಲ್ಲ. ತಿಂಗಳಿಗೊಂದು ಬರೆಯಬಹುದು. ಬರೆದೆ, ಹರಿದೆ, ಅಷ್ಟೇ. ಹಾಳೆಯ ಮೂಲೆಯಲ್ಲಿರುವ ಕೆಂಪು ಮುದ್ರೆ ಇಲ್ಲಿಯ ಅಧಿಕಾರಿಯದು. ನಿಮ್ಮ ಕೈಸೇರುವ ಮೊದಲು ಅವರು ಇದನ್ನು ಓದಿರುತ್ತಾರೆ.

ಅಂದಿನ ವಿಷಯ ನಾನು ನಿಮಗೆ ನನ್ನ ಬಾಯಿಂದ ಹೇಳಲೇ ಇಲ್ಲ. ನ್ಯಾಯಾಲಯದಲ್ಲಿ ವಕೀಲರು ಬರೆದುಕೊಟ್ಟದ್ದನ್ನು ಓದಿದೆ. ನಡೆದದ್ದು ಇಷ್ಟು. ಮೇಷ್ಟ್ರ ಮನೆಗೆ ತೊಲೆ ಏರಿಸಿದ ದಿನ ಎಲ್ಲರೂ ಕುಡಿದಿದ್ದೆವು. ನಾನು ಮಾಡಿದ್ದ ಜೋಡಣೆಯೊಂದರೊಳಗೆ ತೋಕುಜೋ ಅಣ್ಣ ಉಳಿಯ ತುದಿ ಹಾಕಿ ಕೆದಕಿದರು. ಸಂದಿಗೆ ನಾನು ಮೆತ್ತಿದ್ದ ಹೊಟ್ಟು ಮತ್ತು ಅಂಟು ಉದುರಿತು. "ಏನೋ ಇಸಾಮು, ನೀನು ಬಡಗಿಯೋ ಹಲ್ಲಿನ ಡಾಕ್ಟರೋ?" ಅಂದರು. ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಕೊಡತಿ ಇತ್ತು. ಒಂದೇ ಏಟು. ಎರಡನೆಯದು ಹೊಡೆಯಲಿಲ್ಲ. ಹೊಡೆಯಬೇಕಾಗಿಯೂ ಬರಲಿಲ್ಲ.

ಅವರು ಇಪ್ಪತ್ತೆರಡು ವರ್ಷ ನಿಮ್ಮ ಜೊತೆ ಕೆಲಸ ಮಾಡಿದವರು. ನನ್ನನ್ನು ಹೆಗಲ ಮೇಲೆ ಹೊತ್ತು ಸಮುದ್ರ ತೋರಿಸಿದವರು. ನನಗೆ ಇದೆಲ್ಲ ನೆನಪಿದೆ ಎಂದು ನೀವು ನಂಬುವುದಿಲ್ಲ.

ಈಗ ನನ್ನನ್ನು ಬಡಗಿ ಕಾರ್ಖಾನೆಗೆ ಹಾಕಿದ್ದಾರೆ. ಚಪ್ಪಲಿ ಗೂಡು, ಕಪಾಟು ಮಾಡುತ್ತೇವೆ. ಹೊರಗಿನವರು ಬೇಕಾದ್ದನ್ನು ಹೇಳಿ ಮಾಡಿಸಿಕೊಳ್ಳಲೂಬಹುದು. ನನಗೆ ಇನ್ನೂ ಮೂರೂವರೆ ವರ್ಷವಿದೆ. ಹೊರಗಿನವರೊಬ್ಬರು ನನ್ನ ಹೊಣೆ ಹೊತ್ತು ಸಹಿ ಹಾಕಿದರೆ ಎರಡು ವರ್ಷ ಮೊದಲೇ ಬಿಡಬಹುದಂತೆ. ಫುಸಾಏ ಅಕ್ಕನ ಮನೆಯಲ್ಲಿ ಭಾವ ಒಪ್ಪುವುದಿಲ್ಲ. ಉಳಿದವರು ನೀವೊಬ್ಬರೇ. ಬೇರೇನೂ ಕೇಳುವುದಿಲ್ಲ.

ಇಸಾಮು

*

ಏಪ್ರಿಲ್ 28, 1982

ಇಸಾಮುಗೆ,

ಕಾಗದ ಬಂತು. ತೋಕುಜೋನನ್ನು ಅಣ್ಣ ಎಂದು ಕರೆಯಬೇಡ.

ನಿಮ್ಮ ಕಾರ್ಖಾನೆಗೆ ಒಂದು ಆರ್ಡರ್ ಕಳುಹಿಸಿದ್ದೇನೆ. ಮುಚ್ಚಳವಿರುವ ಪೆಟ್ಟಿಗೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಸುಗಿ ದೇವದಾರು ಮರದ್ದು. ಬಲೆಯೋ ಹಗ್ಗವೋ ಹತಾರವೋ, ಏನನ್ನಾದರೂ ಇಡುವಂಥದ್ದು. ಅದು ಅಂಗಳದಲ್ಲಿರುತ್ತದೆ. ಮೇಲೆ ಸೂರಿರುವುದಿಲ್ಲ, ತಾಡಪಾಲು ಹೊದಿಸುವುದಿಲ್ಲ. ನೀನೊಬ್ಬನೇ ಮಾಡಬೇಕು, ಬೇರೆಯವರ ಕೈ ತಾಗಬಾರದು ಎಂದು ಬರೆದಿದ್ದೇನೆ.

ಒಳಗೆ ಒಂದು ಬೆಂಕಿಪೊಟ್ಟಣ ಇಡುತ್ತೇನೆ. ಮಳೆಗಾಲ ಕಳೆದು, ಚಂಡಮಾರುತದ ತಿಂಗಳುಗಳೂ ಕಳೆದ ಮೇಲೆ ತೆಗೆಯುತ್ತೇನೆ. ಮೊದಲ ಗೀರಿಗೆ ಕಡ್ಡಿ ಹತ್ತಿದರೆ ಸಹಿಯ ಮಾತಾಡೋಣ.

ನಿನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ನೋಡುತ್ತೇನೆ.

ಇವಾಸಾ ಗೆನ್ಸಾಕು

*

ಸೆಪ್ಟೆಂಬರ್ 14, 1982

ಅಪ್ಪನವರಿಗೆ,

ಪೆಟ್ಟಿಗೆ ನಿನ್ನೆ ಲಾರಿ ಹತ್ತಿತು. ಹಗಲೆಲ್ಲ ಬೇರೆ ಆರ್ಡರುಗಳ ಕೆಲಸ. ನಿಮ್ಮದಕ್ಕೆ ಸಿಕ್ಕಿದ್ದು ದಿನಕ್ಕೆ ನಲವತ್ತು ನಿಮಿಷ. ಮೂರು ಸಲ ಬಣ್ಣ ಹೊಡೆದಿದ್ದೇನೆ. ಮೂಲೆಗಳಿಗೆ ಕಬ್ಬಿಣದ ಪಟ್ಟಿ ಹಾಕಿದ್ದೇನೆ. ಮುಚ್ಚಳದ ಮೇಲೆ ಇಬ್ಬರು ನಿಂತು ನೋಡಿದರು, ಅಲುಗಲಿಲ್ಲ. ಇಲ್ಲಿಯ ಅಧಿಕಾರಿ ಸಾಮಾನ್ಯವಾಗಿ ಏನೂ ಹೇಳದವರು, ಅವರೂ ಚೆನ್ನಾಗಿದೆ ಅಂದರು.

ನಿಮಗೆ ಆಗುವುದಿಲ್ಲ ಅನ್ನಿಸಿದ್ದು ಆಗಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ನೋಡಿ ಬರೆಯಿರಿ.

ಇಸಾಮು

*

ನವೆಂಬರ್ 2, 1982

ಇಸಾಮುಗೆ,

ಪೆಟ್ಟಿಗೆ ಬಂದ ದಿನವೇ ಬಿಚ್ಚಿದೆ. ಮಳೆಗೆ ಇಡುವ ಅಗತ್ಯ ಬೀಳಲಿಲ್ಲ.

ಮುಚ್ಚಳ ಮಟ್ಟಸವಾಗಿದೆ. ಮಟ್ಟಸ ಮುಚ್ಚಳದ ಮೇಲೆ ನೀರು ಹರಿಯುವುದಿಲ್ಲ, ಕೂರುತ್ತದೆ. ಮುಚ್ಚಳದಂಚಿನ ತಳಭಾಗದಲ್ಲಿ ತೋಡು ತೆಗೆದಿಲ್ಲ. ಅಲ್ಲೊಂದು ಬೆರಳಗಲದ ತೋಡಿದ್ದರೆ ಹನಿ ಕೆಳಗೆ ಬೀಳುತ್ತದೆ. ಇಲ್ಲದಿದ್ದರೆ ಹಲಗೆಯ ಅಡಿಗುಂಟ ಹಿಂದಕ್ಕೆ ತೆವಳಿ ಒಳಗೆ ಹೋಗುತ್ತದೆ. ಇದನ್ನು ನಿನಗೆ ಹನ್ನೊಂದನೆಯ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದೆ. ಮೊಳೆ ಕಬ್ಬಿಣದ್ದು. ಉಪ್ಪುಗಾಳಿಯ ಊರಲ್ಲಿ ಹುಟ್ಟಿದವನು ಕಬ್ಬಿಣದ ಮೊಳೆ ಹೊಡೆದಿದ್ದೀಯ. ಹಲಗೆಯ ಎರಡು ಅಂಚನ್ನೂ ಬಿಗಿದಿದ್ದೀಯ, ಒದ್ದೆಯಾದಾಗ ಮರ ಉಬ್ಬುತ್ತದೆ ಎನ್ನುವುದು ಜೈಲಿಗೆ ಹೋದಮೇಲೆ ಮರೆತುಹೋಯಿತೋ ಏನೋ. ಕಾಲುಗಳ ಕಡಿದ ತುದಿ ನೇರ ನೆಲಕ್ಕೆ ಊರಿದೆ. ತಳದ ಹಲಗೆಗಳ ನಡುವೆ ಗಾಳಿಯಾಡಲು ಎಡೆಯಿಲ್ಲ. ಹೊರಗಿನ ನೀರು ಬರದಿದ್ದರೂ ಒಳಗಿನ ಬೆವರು ಸಾಕಿತ್ತು, ಎಲ್ಲ ಬೂಸಲಾಗುತ್ತಿತ್ತು.

ಇವಿಷ್ಟನ್ನೂ ಕಲಿಯದವನ ತಪ್ಪು ಎಂದು ಬಿಡಬಹುದಿತ್ತು. ಹಿಂದಿನ ಬಲಮೂಲೆಯಲ್ಲಿ ಬಣ್ಣ ಕೆರೆದು ನೋಡಿದೆ. ಜೋಡಣೆ ಕೂತಿಲ್ಲ. ಸಂದಿಗೆ ಹೊಟ್ಟು ಮತ್ತು ಅಂಟು ಮೆತ್ತಿದ್ದೀಯ.

ಮತ್ತೆ ಅದೇ.

ಪೆಟ್ಟಿಗೆಯನ್ನು ಸ್ನಾನದ ಒಲೆಗೆ ಹಾಕಿದೆ. ಮೂರು ದಿನ ನೀರು ಕಾಯಿತು. ನಿನ್ನ ಬಣ್ಣದ ಹೊಗೆಗೆ ಕಣ್ಣು ಉರಿಯಿತು.

ಇವಾಸಾ ಗೆನ್ಸಾಕು

*

ಜನವರಿ 17, 1983

ಇಸಾಮು,

ಹೊಸ ವರ್ಷಕ್ಕೆ ನಿನ್ನ ಕಾರ್ಡು ಬರಲಿಲ್ಲ. ಅಪ್ಪನ ಕಾಗದ ನಿನಗೆ ತಲುಪಿರಬೇಕು ಅಂದುಕೊಂಡೆ.

ಆ ದಿನ ನಾನು ಅಲ್ಲೇ ಇದ್ದೆ. ಪೆಟ್ಟಿಗೆ ಇಳಿದಾಗ ಅಪ್ಪ ಅದರ ಸುತ್ತ ಎರಡು ಸುತ್ತು ಬಂದರು. ನಿಜ ಹೇಳುತ್ತೇನೆ, ಮೊದಲ ಸುತ್ತಿನಲ್ಲಿ ಅವರ ಮುಖ ಬೇರೆಯಾಗಿತ್ತು. ಬೇರೆ ಯಾರೋ ಬಡಗಿಯ ಕೆಲಸ ನೋಡುವಂತೆ ನೋಡುತ್ತಿದ್ದರು. ಆ ಮೂಲೆಯ ಬಳಿ ಬೆರಳಿಟ್ಟು ನಿಂತರು. ಕೆರೆದರು. ಆಮೇಲೆ ಸುತ್ತಿಗೆ ತಂದರು.

"ಅಪ್ಪಾ, ಒಂದು ಮಳೆಯಾದ್ರೂ ನೋಡಿ" ಅಂದೆ.

"ಮಳೆಗ್ಯಾಕೆ ಕೆಲಸ ಕೊಡೋದು? ನನ್ನ ಕಣ್ಣು ಸಾಕು" ಅಂದರು.

ಸಂಜೆ ನಾನು ಹೊರಡುವಾಗ ಕೂಗಿ ಕರೆದರು. "ಸ್ನಾನ ಮಾಡ್ಕೊಂಡು ಹೋಗೇ. ನಿನ್ನ ತಮ್ಮ ನೀರು ಕಾಯಿಸಿದಾನೆ." ನಾನು ಮಾಡಲಿಲ್ಲ.

ಕಿಮಿಏ ಅವರ ಬಗ್ಗೆ ನೀನು ಕೇಳಿಲ್ಲ, ನಾನೇ ಬರೆಯುತ್ತೇನೆ. ಗಂಡ ತೋಕುಜೋ ಹೋದಮೇಲೆ ಅವರು ಅದೇ ಮನೆಯಲ್ಲಿ ಒಬ್ಬರೇ ಇದ್ದಾರೆ, ನಮ್ಮ ಮನೆಯಿಂದ ಎರಡು ಬಾಗಿಲಾಚೆ. ದಿನಾ ಬೆಳಿಗ್ಗೆ ಅವರು ಮೀನಿನ ದಕ್ಕೆಗೆ ಹೋಗುವಾಗ ಅಪ್ಪ ಬೀದಿಗೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. ಕಿಮಿಏ ಅವರು ಕಂಬ ದಾಟಿ ಹೋಗುವ ಹಾಗೆ ದಾಟಿ ಹೋಗುತ್ತಾರೆ. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಅಪ್ಪನಿಗೆ ಎಪ್ಪತ್ತೊಂದಾಯಿತು. ಬಗ್ಗಿದವರು ನೇರವಾಗಲು ಗೋಡೆ ಹಿಡಿಯುತ್ತಾರೆ.

ಬೈದು ಬರೆದರು ಅಂತ ಬಿಡಬೇಡ. ಇಷ್ಟು ಉದ್ದದ ಕಾಗದ ಅವರು ಅಮ್ಮನಿಗೂ ಬರೆದವರಲ್ಲ. ಮರದ ವಿಷಯ ಏನೇನು ಬರೆದಿದ್ದಾರೋ ಅದನ್ನೆಲ್ಲ ಒಂದೊಂದಾಗಿ ಮಾಡು. ಇನ್ನೊಂದು ಪೆಟ್ಟಿಗೆಗೆ ನಾನು ಆರ್ಡರ್ ಹಾಕಿದ್ದೇನೆ, ನಿನ್ನ ಭಾವನಿಗೆ ಗೊತ್ತಿಲ್ಲ.

ನಿನ್ನ ಅಕ್ಕ
ಫುಸಾಏ

*

ಮೇ 20, 1983

ಅಪ್ಪನವರಿಗೆ,

ಆ ಮೂಲೆಯ ವಿಷಯದಲ್ಲಿ ನೀವು ಬರೆದದ್ದು ನಿಜ. ಅಂಟು ಮೆತ್ತುವಾಗ ನಾನು ಎರಡು ಸಲ ಯೋಚಿಸಲೂ ಇಲ್ಲ. ಅಷ್ಟು ಅಭ್ಯಾಸವಾಗಿತ್ತು.

ಅಕ್ಕ ಹೇಳಿದ ಪೆಟ್ಟಿಗೆ ಮುಗಿಯಿತು. ಮರವನ್ನು ನಾನೇ ಆರಿಸಿದೆ, ಗಂಟಿಲ್ಲದ ತಿರುಳಿನ ಹಲಗೆಗಳು. ನಮ್ಮ ಕಡೆಯ ಮನೆಗಳ ಗೋಡೆಯ ಹಾಗೆ, ನೀರು ಹೀರದಂತೆ ಮೇಲ್ಮೈ ಸುಟ್ಟ ಹಲಗೆಯಲ್ಲಿ ಮಾಡುತ್ತೇನೆ ಎಂದಾಗ ಅಧಿಕಾರಿ ಮೂರು ವಾರ ಉತ್ತರ ಕೊಡಲಿಲ್ಲ. ಜೈಲಿನೊಳಗೆ ಬೆಂಕಿ ಹಾಕಲು ಮೇಲಿನವರ ಒಪ್ಪಿಗೆ ಬೇಕಿತ್ತು. ಕೊನೆಗೆ ಅಂಗಳದಲ್ಲಿ, ನಾಲ್ಕು ಕಾವಲುಗಾರರು ಬಕೆಟ್ಟು ಹಿಡಿದು ನಿಂತಿರುವಾಗ, ಮೂರು ಹಲಗೆಗಳನ್ನು ಕೊಳವೆಯ ಹಾಗೆ ಕಟ್ಟಿ ನಿಲ್ಲಿಸಿ ಬುಡದಲ್ಲಿ ಕಾಗದ ಹಚ್ಚಿದೆ. ಬೆಂಕಿ ಒಳಗೊಳಗೇ ಏರಿ ತಲೆಯಲ್ಲಿ ಹೊರಬಂತು, ಹೂಂಕರಿಸುವ ಸದ್ದು. ಕೈದಿಗಳೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಹದಿನಾಲ್ಕು ವರ್ಷದಿಂದ ಇಲ್ಲಿರುವ ಒಬ್ಬ ಮುದುಕ ಹೇಳಿದ, "ಬೆಂಕಿ ಅಂದ್ರೆ ಹೀಗಿರತ್ತಾ? ನಂಗೆ ಮರ್ತೇ ಹೋಗಿತ್ತು. ಲೋ, ನಿಮ್ಮಪ್ಪನಿಗೆ ಪೆಟ್ಟಿಗೆ ಮಾಡ್ತಿದೀಯೋ ಅರಮನೆ ಮಾಡ್ತಿದೀಯೋ?"

ಕರಿ ಉಜ್ಜಿ ತೆಗೆದು ಎಣ್ಣೆ ಕುಡಿಸಿದೆ. ಬಣ್ಣ ಹಾಕಿಲ್ಲ, ಬಣ್ಣ ಮುಚ್ಚಿಡುತ್ತದೆ. ಮುಚ್ಚಳಕ್ಕೆ ಮುಂದಕ್ಕೆ ಎರಡು ಬೆರಳು ಇಳಿಜಾರು. ಅಂಚಿನಡಿ ತೋಡು. ಹಿತ್ತಾಳೆಯ ಮೊಳೆ, ಹಿತ್ತಾಳೆಯ ಕೀಲು. ಹಲಗೆಗಳನ್ನು ಒಂದಂಚಿಗೆ ಮಾತ್ರ ಬಿಗಿದು ಇನ್ನೊಂದನ್ನು ಉಬ್ಬಲು ಬಿಟ್ಟಿದ್ದೇನೆ. ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆ. ತಳದಲ್ಲಿ ಗಾಳಿ ಓಡುತ್ತದೆ, ಇಲಿ ಹೋಗುವುದಿಲ್ಲ.

ನಾಲ್ಕು ಮೂಲೆಗಳನ್ನು ಏಳು ಸಲ ಮಾಡಿದೆ. ಆರು ಸಲದ್ದನ್ನು ಒಡೆದು ಎಸೆದೆ, ನೀವು ಒಲೆಗೆ ಹಾಕುವ ಮೊದಲು ನಾನೇ. ಸಂದಿ ಇಲ್ಲ. ಕೂದಲು ಹೋಗುವಷ್ಟೂ ಇಲ್ಲ. ಎಲ್ಲಿ ಬೇಕಾದರೂ ಕೆರೆದು ನೋಡಿ.

ಇಸಾಮು

*

ಸೆಪ್ಟೆಂಬರ್ 30, 1983

ಇಸಾಮು,

ಇಷ್ಟು ದಿನ ಬೇಕೆಂದೇ ಬರೆಯಲಿಲ್ಲ. ಮಳೆ ಮುಗಿಯಲಿ ಅಂತ ಕಾದೆ.

ಪೆಟ್ಟಿಗೆ ಬಂದ ದಿನ ಅಪ್ಪ ಅಂಗಳಕ್ಕೆ ಇಳಿದರು. ಸುತ್ತ ಬಂದರು. ನಾಲ್ಕು ಮೂಲೆಗಳನ್ನೂ ಉಳಿಯ ತುದಿಯಿಂದ ಹುಡುಕಿದರು. ಆಮೇಲೆ ಕಾಲು ಚಾಚಿ ನೆಲಕ್ಕೆ ಕೂತು ಒಂದು ಸಿಗರೇಟು ಸೇದಿದರು. ಎದ್ದು ಬೆಂಕಿಪೊಟ್ಟಣ ತಂದು ಒಳಗಿಟ್ಟು ಮುಚ್ಚಿದರು.

ಜೂನ್ ಪೂರ್ತಿ ಸುರಿಯಿತು. ಬಾವಿಕಟ್ಟೆಯ ಕಲ್ಲಿಗೂ ಪಾಚಿ ಹಿಡಿಯಿತು. ಅಪ್ಪನಿಗೆ ಅಷ್ಟು ಸಾಲದು ಅನ್ನಿಸಿ ರಬ್ಬರ್ ಕೊಳವೆ ತಂದು ನಾಲ್ಕೂ ಕಡೆಯಿಂದ ನೀರು ಹೊಡೆದರು. ಬೀದಿಯಲ್ಲಿ ಹೋಗುವವರು, "ಗೆನ್ಸಾಕು ಅಜ್ಜ, ಮಳೆಯಲ್ಲಿ ಗಿಡಕ್ಕೆ ನೀರಾ?" ಅಂತ ನಕ್ಕರು. ಆಗಸ್ಟಿನ ಚಂಡಮಾರುತಕ್ಕೆ ದಕ್ಕೆಯ ಶೆಡ್ಡಿನ ತಗಡು ಹಾರಿ ನಮ್ಮ ಅಂಗಳಕ್ಕೆ ಬಂತು. ಬಾಗಿಲು ಹಾಕಿಕೊಂಡು ಒಳಗಿರಿ ಅಂದರೆ ಅಪ್ಪ ಕಿಟಕಿ ಬಿಡಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅದು ಹಾಳಾಗಲಿ ಎಂದು ನೋಡುತ್ತಿದ್ದಾರೋ ಹಾಳಾಗಬಾರದು ಎಂದೋ ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಒಂದು ಮಾತ್ರ ಕಂಡೆ. ಬೆಳಿಗ್ಗೆ ಗಾಳಿ ನಿಂತಮೇಲೆ ಹೋಗಿ ಮುಚ್ಚಳದ ಮೇಲಿನ ಎಲೆಗಳನ್ನು ಕೈಯಿಂದ ಸರಿಸಿದರು. ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದರು.

ಬರುವ ವಾರ ತೆಗೆಯುತ್ತಾರೆ. ನಿನ್ನ ಕೋಣೆಯ ಚಾಪೆಗಳನ್ನು ಬಿಸಿಲಿಗೆ ಹಾಕಿ ಒಳಗಿಟ್ಟಿದ್ದೇನೆ. ಅವರು ಕಂಡರು, ಬೇಡ ಅನ್ನಲಿಲ್ಲ. ನನ್ನ ಮಗಳು ಚಿಜುರುಗೆ ಹದಿನೆಂಟು ತುಂಬಿತು, ಮಾವ ಯಾವಾಗ ಬರುತ್ತಾನೆ ಎಂದು ಕೇಳುತ್ತಾಳೆ. ಬೇಗ ಎಂದು ಹೇಳಿದ್ದೇನೆ.

ಫುಸಾಏ

*

ಅಕ್ಟೋಬರ್ 11, 1983

ಇಸಾಮುಗೆ,

ಮೊದಲ ಗೀರಿಗೆ ಹತ್ತಿತು.

ಪೆಟ್ಟಿಗೆಯಲ್ಲಿ ತಪ್ಪು ಹುಡುಕಿದೆ. ಐದು ತಿಂಗಳು ಹುಡುಕಿದೆ. ಇಲ್ಲ. ಈ ಕರಾವಳಿಯಲ್ಲಿ ಇದನ್ನು ಮಾಡಬಲ್ಲವರು ಈಗ ಇಬ್ಬರೋ ಮೂವರೋ ಇದ್ದಾರೆ. ತೋಕುಜೋ ಇದ್ದಿದ್ದರೆ ನಾಲ್ವರು.

ಕಡ್ಡಿ ಹತ್ತಿದರೆ ಸಹಿಯ ಮಾತಾಡೋಣ ಎಂದಿದ್ದೆ. ಮಾತಾಡುತ್ತೇನೆ.

ನಿನಗೆ ಕೆಲಸ ಬರುವುದಿಲ್ಲ ಎಂದೇ ನಾನು ಐದು ವರ್ಷ ತಿಳಿದಿದ್ದೆ. ನಿನ್ನ ಕೈ ಕೆಟ್ಟ ಕೈ, ನಾನು ಕಲಿಸಿದ್ದು ಹತ್ತಲಿಲ್ಲ, ಬಾರದವನನ್ನು ಎಲ್ಲರೆದುರು ಹೀಯಾಳಿಸಿದರೆ ಅವನಿಗೆ ಬುದ್ಧಿ ಕೆಡುತ್ತದೆ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ನನ್ನ ತಪ್ಪೂ ಇತ್ತು, ಕಲಿಸಿದವನು ನಾನು. ಮೊದಲ ಪೆಟ್ಟಿಗೆ ಬಂದಾಗ ಬೈದೆ. ಒಳಗೊಳಗೆ ಸಮಾಧಾನವೂ ಆಗಿತ್ತು. ನೋಡು, ಇವನಿಗೆ ಬರುವುದೇ ಇಲ್ಲ ಎಂದು. ಎರಡನೆಯದೂ ಸೋರಿದ್ದರೆ ಬಹುಶಃ ಸಹಿ ಹಾಕುತ್ತಿದ್ದೆ.

ಸೋರಲಿಲ್ಲ. ನಿನಗೆ ಬರುತ್ತದೆ. ಮೊದಲಿನಿಂದಲೂ ಬರುತ್ತಿತ್ತು. ಮೇಷ್ಟ್ರ ಮನೆಯ ಜೋಡಣೆಯನ್ನೂ ನೀನು ಹೀಗೇ ಮಾಡಬಹುದಿತ್ತು, ಏಳನೆಯ ಸಲಕ್ಕಾದರೂ. ನಿನಗೆ ಬೇಸರವಾಯಿತು, ಅಂಟು ಮೆತ್ತಿದೆ. ಅದನ್ನು ಕಂಡು ಹೇಳಿದವನನ್ನು ಕೊಂದೆ. ಬಾರದವನು ಕೊಂದಿದ್ದರೆ ಅದೊಂದು ಲೆಕ್ಕ. ಬರುವವನು ಸೋಮಾರಿತನ ಮುಚ್ಚಿಕೊಳ್ಳಲು ಕೊಂದದ್ದಕ್ಕೆ ನನ್ನಲ್ಲಿ ಸಹಿ ಇಲ್ಲ.

ಪೆಟ್ಟಿಗೆ ನನ್ನ ಅಂಗಳದಲ್ಲಿರುವಷ್ಟು ದಿನ ಇದನ್ನು ನೋಡುತ್ತಲೇ ಇರಬೇಕು. ಪೂರ್ತಿ ಶಿಕ್ಷೆ ಮುಗಿಸು.

ಇವಾಸಾ ಗೆನ್ಸಾಕು

*

ಮಾರ್ಚ್ 4, 1984

ಇಸಾಮು,

ಅಪ್ಪ ಏನು ಬರೆದರೆಂದು ನನಗೆ ಹೇಳಿಲ್ಲ. ನಿನ್ನ ಎರಡು ಕಾಗದಗಳೂ ಬಂದವು. ಅವರಿಗೆ ಓದಿ ಹೇಳಲು ಹೋದೆ, ಎದ್ದು ಹೋದರು.

ಕಳೆದ ತಿಂಗಳು ಮನೆಗೆ ತುಂಬ ಜನ ಬಂದಿದ್ದರು. ಮೂರು ದಿನ ಅಡುಗೆ ನಾನೇ ನೋಡಿಕೊಂಡೆ. ಯಾಕೆ ಎಂದು ಈ ಕಾಗದದಲ್ಲಿ ಬರೆಯಲಾರೆ. ನೀನು ಬಂದಮೇಲೆ ಹೇಳುತ್ತೇನೆ. ಬಂದಮೇಲೆ ಎಂದು ಬರೆದುಬಿಟ್ಟೆ, ಅಳಿಸುವುದಿಲ್ಲ.

ಪೆಟ್ಟಿಗೆ ಈಗ ಅಂಗಳದಲ್ಲಿಲ್ಲ. ನಾಲ್ಕು ಜನ ಹೊತ್ತು ತೊರಿಗೋಯ್ ಘಾಟಿಯ ಮೇಲೆ ಬಸ್ಸು ನಿಲ್ಲುವಲ್ಲಿ ಇಟ್ಟಿದ್ದಾರೆ.

ಒಂದು ಒಳ್ಳೆಯ ಸುದ್ದಿ ಇದೆ. ಕಿಮಿಏ ಅವರು ಅಪ್ಪನ ಜೊತೆ ಮಾತಾಡಿದರು. ಅಪ್ಪ ಈಗ ಬೆಳಿಗ್ಗೆ ಬೀದಿಯಲ್ಲಿ ಬಗ್ಗುವುದಿಲ್ಲ.

ಚಿಜುರುವನ್ನು ನೋಡಲು ಮುಂದಿನ ತಿಂಗಳು ಒಂದು ಕಡೆಯಿಂದ ಬರುತ್ತಿದ್ದಾರೆ. ಸ್ವಲ್ಪ ದಿನ ನೀನು ಕಾಗದ ಬರೆಯದಿದ್ದರೆ ಒಳ್ಳೆಯದು. ನನ್ನನ್ನು ಬೈದುಕೊಳ್ಳಬೇಡ.

ಫುಸಾಏ

*

ಆಗಸ್ಟ್ 25, 1985

ಇಸಾಮುಗೆ,

ಬರುವ ತಿಂಗಳು ನಿನ್ನನ್ನು ಬಿಡುತ್ತಾರೆ ಎಂದು ಜೈಲಿನಿಂದ ತಿಳಿಸಿದ್ದಾರೆ.

ನಿನ್ನ ಉಳಿಗಳು, ಕೀಸುಳಿ, ಗರಗಸ, ಚಳಿಯ ಕೋಟು, ನಿನ್ನ ಅಮ್ಮ ಹೊಲಿದ ಹಾಸಿಗೆ ಎಲ್ಲವೂ ಘಾಟಿಯ ಮೇಲಿನ ಪೆಟ್ಟಿಗೆಯಲ್ಲಿವೆ. ಬೀಗ ಹಾಕಿಲ್ಲ. ಅದನ್ನು ಯಾರೂ ಮುಟ್ಟುವುದಿಲ್ಲ. ಬಸ್ಸು ಹಿಂತಿರುಗುವ ಮೊದಲು ಅಲ್ಲಿ ಒಂದು ಗಂಟೆ ನಿಲ್ಲುತ್ತದೆ. ತೆಗೆದುಕೊಂಡು ಅದೇ ಬಸ್ಸಿಗೆ ಹೋಗು. ಕೆಳಗೆ ಊರಿಗೆ ಇಳಿಯಬೇಡ.

ಇವಾಸಾ ಗೆನ್ಸಾಕು

*

ಅಕ್ಟೋಬರ್ 6, 1985
ಒಸಾಕಾ

ಅಪ್ಪನವರಿಗೆ,

ಈ ಹಾಳೆಯಲ್ಲಿ ಕೆಂಪು ಮುದ್ರೆ ಇಲ್ಲ. ಮೊದಲು ಓದುವವರು ನೀವೇ.

ಬಿಡುಗಡೆಯಾದ ಮೂರನೆಯ ದಿನ ಘಾಟಿಗೆ ಬಂದೆ. ಬಸ್ಸಿನಲ್ಲಿದ್ದವನು ನಾನೊಬ್ಬನೇ. ಅಲ್ಲಿ ಈಗ ಒಂದು ಚಹಾದ ಗುಡಿಸಲು ಇದೆ, ನಾನಿದ್ದಾಗ ಇರಲಿಲ್ಲ. ಅದನ್ನು ನಡೆಸುವ ಹೆಂಗಸು ಬೇರೆ ಕಡೆಯವಳು, ನನ್ನ ಗುರುತಿರಲಿಲ್ಲ. ಪೆಟ್ಟಿಗೆ ಕಲ್ಲುಗಳ ಮೇಲೆ ಸರಿಯಾಗಿ ಕೂತಿತ್ತು. ಮೂರು ಮಳೆಗಾಲ ಕಂಡ ಕಪ್ಪು ಸ್ವಲ್ಪ ಬೂದಿಯಾಗಿತ್ತು, ಅಷ್ಟೇ. ಮುಚ್ಚಳಕ್ಕೆ ಕೈ ಹಾಕಿದೆ.

"ಅದನ್ನ ಮುಟ್ಬೇಡಿ ಅಣ್ಣ" ಎಂದು ಅವಳು ಗುಡಿಸಲಿನಿಂದ ಕೂಗಿದಳು.

"ಯಾಕಮ್ಮ?"

"ಸತ್ತವನ ಸಾಮಾನು ಅದು. ಕೆಳಗಿನ ಊರಿನ ಬಡಗಿ ಅಜ್ಜಂದು. ಅವನ ಮಗ ಜೈಲಲ್ಲಿ ಸತ್ತ. ಎದೆಗೆ ಏನೋ ಬಂದಿತ್ತಂತೆ. ಬೂದಿನೂ ಅಲ್ಲೇ ಹೂತ್ರಂತೆ. ಊರಲ್ಲಿ ಒಬ್ಬರನ್ನ ಕೊಂದು ಹೋಗಿದ್ದವನು. ಅವನ ಆತ್ಮ ಊರಿಗೆ ಇಳಿದು ಬರೋದು ಬೇಡ, ಬೇಕಾದ್ದನ್ನ ಇಲ್ಲೇ ತಗೊಂಡು ಹಿಂಗೇ ತಿರುಗಿ ಹೋಗ್ಲಿ ಅಂತ ಅಜ್ಜ ತಂದಿಟ್ಟಿದಾನೆ."

"ಯಾವಾಗ ಸತ್ತ?"

"ಹೋದ ವರ್ಷ ಫೆಬ್ರವರೀಲಿ. ಊರಿಗೂರೇ ಸೇರಿತ್ತು. ಗುಡಿಯವರು ಬಂದು ಮಂತ್ರ ಹೇಳಿ ಸತ್ತವನಿಗೆ ಆಚೆ ಲೋಕಕ್ಕೆ ಅಂತ ಹೊಸ ಹೆಸರೂ ಇಟ್ರು. ಅಕ್ಕ ಇದಾಳಲ್ಲ, ಅವಳ ಅಳು ನೋಡೋಕಾಗ್ಲಿಲ್ಲವಂತೆ."

ನಾನು ಗುಡಿಸಲಿನ ಬೆಂಚಿನ ಮೇಲೆ ಕೂತೆ. ಅವಳು ಕೇಳದೆಯೇ ಚಹಾ ತಂದಿಟ್ಟಳು, ಹೇಳುತ್ತಲೇ ಇದ್ದಳು.

"ಅವನು ಕೊಂದಿದ್ದನಲ್ಲ, ಅವರ ಹೆಂಡ್ತಿನೂ ಬಂದಿದ್ರು. ಐದು ವರ್ಷ ಆ ಮನೆ ಕಡೆ ತಿರುಗೂ ನೋಡ್ದೆ ಇದ್ದವರು. ಬಂದು ಊದುಬತ್ತಿ ಹಚ್ಚಿದ್ರು. ಅಜ್ಜನ ಮುಂದೆ ಕೂತು, ಈಗ ನಾವಿಬ್ರೂ ಒಂದೇ ಆದ್ವಿ ಅಂತ ಅತ್ರಂತೆ. ಅವತ್ತಿಂದ ದಿನಾ ಅವರ ಮನೆಯಿಂದ ಅಜ್ಜನಿಗೆ ಸಾರು ಹೋಗತ್ತೆ. ಇಲ್ದಿದ್ರೆ ಅಜ್ಜ ಹೋದ ಚಳೀಲೇ ಮುಗಿದಿರೋನು. ಅಂದ ಹಾಗೆ ನೀವ್ಯಾರು?"

"ಅವನ ಜೊತೆ ಕೆಲಸ ಮಾಡ್ತಿದ್ದೆ. ಬಡಗಿ ಕೆಲಸ."

"ಹಾಗಾದ್ರೆ ತೆಗೆದು ನೋಡಿ, ಪರವಾಗಿಲ್ಲ. ತಗೊಂಡು ಮಾತ್ರ ಹೋಗ್ಬೇಡಿ. ಅಜ್ಜ ನನ್ನ ನಂಬಿ ಬಿಟ್ಟಿದಾನೆ."

ತೆಗೆದೆ. ಎಲ್ಲ ಒಣಗಿತ್ತು. ಉಳಿಗಳಿಗೆ ತುಕ್ಕಿಲ್ಲ, ಹಾಸಿಗೆಗೆ ಬೂಸಲಿಲ್ಲ. ಕೋಟಿನ ಕೈ ಮುಟ್ಟಿದೆ, ನಿನ್ನೆ ಬಿಚ್ಚಿಟ್ಟ ಹಾಗಿತ್ತು. ಮುಚ್ಚಳದ ಒಳಮೈಯಲ್ಲಿ ನಿಮ್ಮ ಮುದ್ರೆ ಇತ್ತು. ನೀವು ಕಾಯಿಸಿ ಒತ್ತುವ ಆ ಕಬ್ಬಿಣದ ಮುದ್ರೆ. ತೋಕುಜೋ ಅವರು ಇಪ್ಪತ್ತೆರಡು ವರ್ಷ ದುಡಿದರೂ ಅವರು ಮಾಡಿದ ಒಂದಕ್ಕೂ ನೀವು ಅದನ್ನು ಒತ್ತಿದ್ದು ನಾನು ಕಂಡಿಲ್ಲ.

"ಎಂಥಾ ಕೆಲಸ ನೋಡಿ" ಎಂದು ಅವಳು ನನ್ನ ಬೆನ್ನ ಹಿಂದೆ ನಿಂತು ಹೇಳಿದಳು. "ಅಜ್ಜನೇ ಮಾಡಿದ್ದು. ಮಗನ ಸಾಮಾನು ಅಂತ ಆ ವಯಸ್ಸಲ್ಲಿ ಕೂತು ಮಾಡಿದಾನೆ. ದೂರದಿಂದ ಬಡಗಿಗಳು ನೋಡೋಕೆ ಬರ್ತಾರೆ. ಇಂಥದ್ದೇ ಒಂದು ಮಾಡ್ಕೊಡು ಅಂತ ಇಬ್ಬರು ಕೇಳಿದ್ರು, ಆಗಲ್ಲ ಅಂದ್ನಂತೆ. ಆ ಪುಣ್ಯಾತ್ಮನ ಹೊಟ್ಟೇಲಿ ಅಂಥ ಮಗ ಹೇಗೆ ಹುಟ್ಟಿದ್ನೋ."

ನಿಮ್ಮ ಕೊನೆಯ ಕಾಗದ ನನ್ನ ಜೇಬಿನಲ್ಲಿತ್ತು. ನಿಮ್ಮ ಕೈಬರಹ, ನಿಮ್ಮ ಸಹಿ, ಆಗಸ್ಟಿನ ತಾರೀಖು. ತೆಗೆದು ಅವಳಿಗೆ ಕೊಟ್ಟಿದ್ದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ನನ್ನ ಉಳಿಗಳು ನನಗೆ ಸಿಗುತ್ತಿದ್ದವು. ಕೈ ಜೇಬಿಗೆ ಹೋಗಿದ್ದೂ ನಿಜ. ನಾನು ಸತ್ತೆ ಎಂದದ್ದಕ್ಕಲ್ಲ. ಅದು ನಿಮಗೆ ಬೇಕಿತ್ತು, ಕಿಮಿಏ ಅವರಿಗೂ ಬೇಕಿತ್ತು, ಚಿಜುರುವಿನ ಮದುವೆಗೂ ಬೇಕಿತ್ತೇನೋ. ನಾನು ಬದುಕಿ ಏಳು ವರ್ಷದಲ್ಲಿ ಯಾರಿಗೂ ಇಷ್ಟು ಉಪಕಾರ ಮಾಡಿರಲಿಲ್ಲ. ಪೆಟ್ಟಿಗೆ ನೀವು ಮಾಡಿದ್ದು ಎಂದಿರಲ್ಲ, ಅದಕ್ಕೆ ಕೈ ಹೋಯಿತು.

ಆ ಒಂದು ಕೆಲಸ ನನ್ನದಾಗಿತ್ತು ಅಪ್ಪ.

ಕಿಮಿಏ ಅವರು ಸಾರಿನ ಪಾತ್ರೆ ಹಿಡಿದು ನಮ್ಮ ಬಾಗಿಲಿಗೆ ಬರುವುದನ್ನು ನೆನೆದೆ. ಕಾಗದವನ್ನು ಹೊರಗೆ ತೆಗೆಯಲಿಲ್ಲ. ಮುಚ್ಚಳ ಹಾಕಿದೆ.

"ಒಳ್ಳೇ ಕೆಲಸ" ಅಂದೆ.

ಅವಳಿಗೆ ಖುಷಿಯಾಯಿತು. ಬೇಯಿಸಿದ ಗೆಣಸು ಎರಡು ತಂದು ಕೊಟ್ಟಳು. "ಅಷ್ಟು ದೂರದಿಂದ ಬಂದಿದೀರ, ಬರಿ ಹೊಟ್ಟೇಲಿ ಹೋಗ್ಬಾರದು. ಸತ್ತವನ ಹೆಸರು ಹೇಳಿ ತಿನ್ನಿ" ಅಂದಳು. ನನ್ನ ಹೆಸರಲ್ಲಿ ನಾನೇ ತಿಂದೆ. ಬಸ್ಸು ಹೊರಟಿತು. ಬರಿಗೈಯಲ್ಲಿ ಹತ್ತಿದೆ.

ಇಲ್ಲಿ ಹಣ್ಣು ತುಂಬುವ ಪೆಟ್ಟಿಗೆಗಳ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದೆ. ಹಸಿ ಮರ, ಯಂತ್ರದ ಮೊಳೆ. ಒಂದು ಸಲ ಬಳಸಿ ಎಸೆಯುವಂಥವು. ದಿನಕ್ಕೆ ಇನ್ನೂರು ಮಾಡಬೇಕು. ಎಲ್ಲದರಲ್ಲೂ ಸಂದಿ, ಯಾರೂ ಕೇಳುವುದಿಲ್ಲ.

ಅಂಚೆಯವನು ಹೆಸರು ನೋಡಬಾರದೆಂದು ಲಕೋಟೆಯ ಹಿಂದೆ ಏನೂ ಬರೆದಿಲ್ಲ. ಓದಿ ಒಲೆಗೆ ಹಾಕಿ.

ಇಸಾಮು